ತಲುಪುವ ದಿನ ಹೇಳಬಾರದು

ಮೂರು ದಿನದಿಂದ ದೋಣಿಯನ್ನು ದಾರಿ ನಡುವಿನ ಬಂದರೊಂದರಲ್ಲಿ ಕಟ್ಟಿ ಕೂತಿದ್ದೆವು, ಅಣ್ಣ ಮತ್ತು ನಾನು. ಗಾಳಿಗೆ ಹಾಯಿಕಂಬದ ಹಗ್ಗ ಬಡಿದುಕೊಳ್ಳುವ ಸದ್ದಿನಲ್ಲಿ ನನ್ನ ತಲೆ ಚಿಟ್ಟುಹಿಡಿದಿತ್ತು. ಎದುರಿನ ದ್ವೀಪದಲ್ಲಿ ತಂಗಿಯ ಮನೆ. ಅಲ್ಲಿ ಅಮ್ಮ ಹಾಸಿಗೆ ಹಿಡಿದು ತಿಂಗಳಾಗಿತ್ತು. ಗಾಳಿ ನೆಟ್ಟಗಿದ್ದರೆ ಐದು ತಾಸಿನ ದಾರಿ. ಪ್ರಯಾಣಿಕರ ಹಡಗೂ ನಿಂತುಹೋಗಿತ್ತು.

ನಾವು ಹೊರಟಿರುವುದು ಅಮ್ಮನಿಗೂ ಗೊತ್ತಿಲ್ಲ, ತಂಗಿಗೂ ಗೊತ್ತಿಲ್ಲ. ಅದು ನಮ್ಮ ಮನೆಯ ಕಟ್ಟಳೆ: ಹಾಯಿ ಎತ್ತಿದವರು ತಲುಪುವ ದಿನ ಹೇಳಬಾರದು, ಹೊರಟೆವೆಂದೂ ಹೇಳಬಾರದು. ಹಿಂದೊಮ್ಮೆ ಅಪ್ಪ ದಿನ ಹೇಳಿಹೋಗಿ ಎರಡು ದಿನ ತಡವಾಗಿ ಬಂದಾಗ, ಅಮ್ಮ ಅನ್ನ ನೀರು ಬಿಟ್ಟು ದಡದಲ್ಲೇ ನಿಂತಿದ್ದಳಂತೆ. ಅಂದಿನಿಂದ ಅಪ್ಪ ಬಾಯಿಗೆ ಬೀಗ ಹಾಕಿಕೊಂಡ. ಅಪ್ಪ ಕಾಲವಾದ ಮೇಲೆ ದೋಣಿಯೂ ಬೀಗವೂ ಅಣ್ಣನ ಪಾಲಿಗೆ ಬಂದವು.

“ಇಲ್ಲೇ ಹತ್ರ ಇದೀವಿ ಅಂತ ಒಂದು ಫೋನ್ ಮಾಡೋಣ ಕಣೋ. ನಮ್ಮ ದಾರಿ ಕಾಯ್ತಾ ಅಮ್ಮ ನಾಕು ದಿನ ಜೀವ ಗಟ್ಟಿ ಹಿಡ್ಕೋತಾಳೆ,” ಎಂದೆ.

ಅಣ್ಣ ಹರಿದ ಹಾಯಿಯ ಅಂಚು ಹೊಲಿಯುತ್ತಿದ್ದ. ತಲೆ ಎತ್ತಲಿಲ್ಲ. “ಈ ಗಾಳಿ ಸದ್ದು ಕೇಳ್ಕೊಂಡು ಮಲಗಿರೋಳಿಗೆ, ನಿನ್ನ ಮಕ್ಕಳು ನೀರಿನ ಮೇಲಿದಾರೆ ಅಂತ ಹೇಳ್ಬೇಕಾ? ಸುಮ್ನಿರು.”

“ನಿನ್ನ ತಲೇಲಿ ಏನಿದೆ, ಬರೀ ಉಪ್ಪುನೀರಾ?”

ಅವನು ಸೂಜಿಗೆ ದಾರ ಪೋಣಿಸಿದ.

ಮೂರನೆಯ ದಿನ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಬಂದರಿನ ಕಚೇರಿಯ ಗೋಡೆಯ ಮರೆಗೆ ಹೋಗಿ ತಂಗಿಗೆ ಫೋನ್ ಮಾಡಿದೆ.

“ಅಕ್ಕಾ, ನಾನೇ ಮಾಡ್ಬೇಕು ಅಂತಿದ್ದೆ,” ಅವಳು ಅಳುತ್ತಿದ್ದಳು. “ಅಮ್ಮ ಹೋಗ್ಬಿಟ್ಳು ಕಣೆ. ಅರ್ಧ ಗಂಟೆ ಆಯ್ತು.”

“ನಮ್ಮನ್ನ ಕೇಳಿದ್ಲಾ?”

“ಬೆಳಗ್ಗೆ ಕೇಳಿದ್ಲು. ಈ ಗಾಳೀಲಿ ಅವರಿಬ್ರೂ ಮನೇಲೇ ಇದಾರೆ ತಾನೇ ಅಂದ್ಲು. ಹೂಂ ಅಂದೆ. ‘ಸದ್ಯ’ ಅಂದು ಕಣ್ಣು ಮುಚ್ಚಿದ್ಲು. ಆಮೇಲೆ ಮಾತಾಡ್ಲಿಲ್ಲ.”

ದೋಣಿಗೆ ಹಿಂದಿರುಗಿ ಅಮ್ಮ ಹೋದಳೆಂದಷ್ಟೇ ಹೇಳಿದೆ. ಅಣ್ಣನ ಕೈಯ ಸೂಜಿ ನಿಂತಿತು. “ಹೇಳ್ಬೇಕಿತ್ತು ಕಣೆ. ನಿನ್ನ ಮಾತು ಕೇಳ್ಬೇಕಿತ್ತು,” ಎಂದು ಹಾಯಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ಅವನನ್ನು ಉಳಿಸುವ ಮಾತು ನನ್ನ ಬಾಯಲ್ಲೇ ಇತ್ತು. ಆದರೂ ಸುಮ್ಮನಿದ್ದೆ. ಸುಳ್ಳೇಕೆ ಹೇಳಲಿ, ಅವನು ಸ್ವಲ್ಪ ಬೇಯಲಿ ಅನ್ನಿಸಿತ್ತು. ಕೊನೆಗೆ ಕರುಳು ಕೇಳಲಿಲ್ಲ, ಅಮ್ಮ ಬೆಳಗ್ಗೆ ಅಂದದ್ದನ್ನು ಹೇಳಿಬಿಟ್ಟೆ.

“ಸದ್ಯ ಅಂದ್ಲಾ?” ಎಂದು ಅಣ್ಣ ಮತ್ತೆ ಮತ್ತೆ ಕೇಳಿದ. ಪ್ರತಿ ಸಲವೂ ಹೂಂ ಎಂದೆ.

ಅವನಿಗೇನೋ ಅಷ್ಟು ಸಾಕಾಯಿತು. ನನಗೆ ಮಾತ್ರ, ಅಮ್ಮ ನನ್ನ ದಾರಿ ಕಾಯಬೇಕಿತ್ತು ಅನ್ನಿಸಿತು.