ಎಂಟು ನಟ್ಟಿನ ಬಿಳಿ ಗೆರೆ

ನಂಬಿಕೆ ಒಳ್ಳೆಯದೇ, ಬೀಗ ಅದಕ್ಕಿಂತ ಒಳ್ಳೆಯದು. ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಇಪ್ಪತ್ತೆಂಟು ವರ್ಷ ಹೊಟೇಲು ನಡೆಸಿ ಶಂಭು ಎಂಬ ನಾನು ಕಲಿತ ವೇದಾಂತ ಇಷ್ಟೇ. ಅಡುಗೆಯವನು ತುಪ್ಪ ಕದಿಯುತ್ತಾನೆ, ಸಪ್ಲೈಯರ್ ಚಮಚ ಕದಿಯುತ್ತಾನೆ, ಹಾಲಿನವನು ನೀರು ಮಾರುತ್ತಾನೆ. ಅದಕ್ಕೇ ನಮ್ಮಲ್ಲಿ ಒಂದು ಕ್ರಮ ಇದೆ. ದೊಡ್ಡಪ್ಪ ಉಡುಪಿಯಿಂದ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತ ಕಾಲದಿಂದ ನಡೆದು ಬಂದದ್ದು. ಹೊಟೇಲು ಮುಚ್ಚುವ ಮೊದಲು ತುಪ್ಪದ ಡಬ್ಬಿಯ ಮುಚ್ಚಳದಿಂದ ಕಂಠದವರೆಗೆ ಬಿಳಿ ಪೇಂಟಿನ ಪೆನ್ನಿನಿಂದ ಒಂದು ಗೆರೆ ಎಳೆದಿಡುವುದು. ಯಾರಾದರೂ ತೆರೆದು ಮುಚ್ಚಿದರೆ ಮುಚ್ಚಳದ ಗೆರೆ ಒಂದು ಕಡೆ, ಡಬ್ಬಿಯ ಗೆರೆ ಇನ್ನೊಂದು ಕಡೆ. ಆಮೇಲೆ ಅಡುಗೆಯವನ ಗ್ರಹಚಾರ ಬಿಡಿಸುವುದು ನನ್ನ ಕೆಲಸ.

"ತಾನು ಕಳ್ಳ, ಪರರ ನಂಬ" ಎಂದು ಹೆಂಡತಿ ಜಯಲತಾ ನನ್ನನ್ನು ಹಂಗಿಸುತ್ತಾಳೆ. ಹಂಗಿಸಲಿ. ಆ ಪೆನ್ನು ಮಾತ್ರ ನನ್ನ ಜೇಬಿನಿಂದ ಇಳಿದದ್ದಿಲ್ಲ.

ಇದು ನಡೆದದ್ದು ಎರಡು ಸಾವಿರದ ಹದಿಮೂರರಲ್ಲಿ, ಚೌತಿ ಕಳೆದ ಮೇಲೆ. ನನ್ನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಜೀಪು ಇತ್ತು. ಜೀಪು ನನ್ನದು, ಹುಚ್ಚು ನನ್ನ ಮಗಳು ದಿಶಾಳದ್ದು. ವಾರವಿಡೀ ನವಿ ಮುಂಬಯಿಯ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಭಾನುವಾರ ಬಂತೆಂದರೆ ಕೆಸರು, ಕಲ್ಲು, ಗುಡ್ಡ ಎಂದು ಹೊರಡುವ ಹುಡುಗಿ. ಅಂಥವರದ್ದೇ ಒಂದು ಕ್ಲಬ್ಬು. ಹನ್ನೆರಡು ಗಾಡಿಗಳು, ಹೃಷೀಕೇಶ ಎಂಬ ಕಲ್ಯಾಣದ ಮರಾಠಿ ಹುಡುಗ ಮುಖ್ಯಸ್ಥ. ಜೀಪನ್ನು ಮೂರು ಇಂಚು ಎತ್ತರಿಸಬೇಕು, ಚಕ್ರದ ಮೇಲಿನ ಸ್ಪ್ರಿಂಗಿನ ಕಮಾನು ಪಟ್ಟಿ ಹೊಸದು ಹಾಕಬೇಕು, ದೊಡ್ಡ ಟಯರು ಹಾಕಬೇಕು ಎಂದು ದಿಶಾ ಹಟ ಹಿಡಿದಳು. ಒಪ್ಪಿದೆ. ಆದರೆ ಅವಳು ಆರಿಸಿದ ಮೆಕ್ಯಾನಿಕ್ಕಿನ ಹೆಸರು ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಪೂವಪ್ಪ!

ಸುಳ್ಯದ ಕಡೆಯ ಪೂವಪ್ಪ ಮೊದಲು ಕೋಪರಿಯ ಒಂದು ಗ್ಯಾರೇಜಿನಲ್ಲಿದ್ದ. ಗಿರಾಕಿಗಳ ಗಾಡಿಯಿಂದ ಒಳ್ಳೆಯ ಪಾರ್ಟ್ ಬಿಚ್ಚಿ ಹಳೆಯದು ಕೂರಿಸುತ್ತಾನೆ ಎಂದು ಮಾಲಕ ಅವನನ್ನು ಓಡಿಸಿದ್ದ. ಕದ್ದದ್ದು ಮಾಲಕನೇ, ಸಿಕ್ಕಿಬಿದ್ದದ್ದು ಪೂವಪ್ಪ ಎಂದು ದಿಶಾ ವಾದಿಸುತ್ತಿದ್ದಳು. ಇರಬಹುದು, ಇಲ್ಲದಿರಬಹುದು. ಬೆಂಕಿಯಿಲ್ಲದೆ ಹೊಗೆ ಆಡುತ್ತದಾ? ಒಂದು ವರ್ಷದಿಂದ ಅವನು ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ರಟ್ಟಿನ ಡಬ್ಬಿಯ ಕಾರ್ಖಾನೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಕಳ್ಳ ಎಂಬ ಹೆಸರು ಅಂಟಿಕೊಂಡವನ ಹತ್ತಿರ ಜೀಪಿನವರು ಯಾರೂ ಸುಳಿಯುತ್ತಿರಲಿಲ್ಲ.

ಹೃಷೀಕೇಶ ಒಂದು ಮಾತು ಹೇಳಿದ್ದ. ದಿಶಾಳ ಜೀಪು ಮುರ್ಬಾಡಿನ ಗುಡ್ಡವನ್ನು ಸರಿಯಾಗಿ ಹತ್ತಿದರೆ ಕ್ಲಬ್ಬಿನ ಉಳಿದ ಹನ್ನೊಂದು ಗಾಡಿಯೂ ಪೂವಪ್ಪನಿಗೇ. ಹತ್ತದಿದ್ದರೆ ಅವನ ಹೆಸರು ಎತ್ತುವುದೂ ಬೇಡ.

"ಶಂಭಣ್ಣ, ಈ ಗಾಡಿ ಒಂದು ಹತ್ತಿದರೆ ಸಾಕು ಮಾರ್ರೆ," ಎಂದ ಪೂವಪ್ಪ ಮೊದಲ ದಿನವೇ. "ಕೆಲಸ ಸಿಗುವುದು ಆಮೇಲಿನ ಮಾತು. ನನ್ನನ್ನು ಕಳ್ಳ ಹೇಳಿದ್ದಾರಲ್ಲ, ಅದು ಹೋಗ್ತದೆ."

ಕಳ್ಳ ಎಂಬ ಶಬ್ದ ಅವನಾಗಿಯೇ ಎತ್ತಿದನಲ್ಲ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನ್ನ ಸಂಶಯ ಅಲ್ಲಿಗೇ ಗಟ್ಟಿಯಾಯಿತು.

ಹೊಟೇಲನ್ನು ಜಯಲತಾಳ ಕೈಗೆ ಬಿಟ್ಟು ನಾನು ಶೆಡ್ಡಿನಲ್ಲಿ ಸ್ಟೂಲು ಹಾಕಿ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ಹಾಗೆ. ಪೂವಪ್ಪನ ಜೊತೆ ಕೆಲಸ ಮಾಡುವವನು ಚೆನ್ನಯ, ಐವತ್ತು ದಾಟಿದ ಮೌನಿ. ಇಬ್ಬರೂ ತುಳು ಮಾತಾಡಿದರೆ ನನಗೆ ಗೊತ್ತಾಗುತ್ತದೆ, ಅದು ನನ್ನ ಮನೆಮಾತು. ಆದರೆ ಅವರು ತಮ್ಮ ಸುಳ್ಯದ ಕಡೆಯ ಅರೆಭಾಷೆ ಎಂಬ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದರು, ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧದಲ್ಲೇ ಮೋಸ ಇರುವುದು ಎಂದು ನನಗೆ ಖಾತ್ರಿ.

"ಹಳೇ ಪಟ್ಟಿಗಳು ಎಲ್ಲಿ?" ಎಂದು ಕೇಳಿದೆ ಒಮ್ಮೆ.

ಪೂವಪ್ಪ ಮೂಲೆಯ ಟಾರ್ಪಾಲು ಎತ್ತಿ ತೋರಿಸಿದ. ಹಳೆಯ ಕಮಾನು ಪಟ್ಟಿಗಳನ್ನು ಒರೆಸಿ, ಕಟ್ಟಿ, ಮೇಲೆ 'ಶಂಭಣ್ಣ, ವಾಪಸ್ ಕೊಡುವುದು' ಎಂದು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ನಾನು ಯೋಚಿಸಿದ್ದೇನು ಗೊತ್ತೇ? ಕಬ್ಬಿಣದ ತುಂಡಿಗೆ ಇಷ್ಟೊಂದು ಪ್ರಾಮಾಣಿಕತೆ ತೋರಿಸುವವನು ದೊಡ್ಡದೇನನ್ನೋ ಹೊಡೆಯುವವನಿದ್ದಾನೆ.

"ಪಪ್ಪಾ, ಉಸ್‌ಕೋ ಕಾಮ್ ಕರ್‌ನೇ ದೋ ನಾ," ಎಂದು ದಿಶಾ ಫೋನಿನಲ್ಲಿ ಬೈದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅವನ ಕೆಲಸ ಅವನಿಗೆ ಮಾಡಲು ಬಿಡಬೇಕಂತೆ. ಬಿಟ್ಟರೆ ಆದೀತಾ?

ಶುಕ್ರವಾರ ಮುಂದಿನ ಚಕ್ರಗಳ ಕೆಲಸ ಮುಗಿಯಿತು. ಬಗ್ಗಿ ನೋಡಿದರೆ ಪ್ರತಿ ನಟ್ಟಿನ ಮೇಲೂ ಒಂದು ಪುಟ್ಟ ಬಿಳಿ ಗೆರೆ! ನಟ್ಟಿನಿಂದ ಬೋಲ್ಟಿನವರೆಗೆ, ಥೇಟ್ ನಮ್ಮ ತುಪ್ಪದ ಡಬ್ಬಿಯ ಗೆರೆಯ ಹಾಗೆ. ಎಲಾ ಇವನ! ಯಾವುದು ಹೊಸದು, ಯಾವುದನ್ನು ಆಮೇಲೆ ಬಿಚ್ಚಿಕೊಳ್ಳಬೇಕು ಎಂದು ಕಳ್ಳ ಗುರುತು ಹಾಕಿಕೊಂಡಿದ್ದಾನೆ ಎಂದುಕೊಂಡೆ. ಇದು ಯಾಕೆ ಎಂದು ಕೇಳಬಹುದಿತ್ತು. ಕೇಳಿದರೆ ಅವನು ಎಚ್ಚರವಾಗುತ್ತಾನಲ್ಲ, ಅದಕ್ಕೇ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಹಿಂದಿನ ಪಟ್ಟಿಗಳೂ ಕೂತವು. ಹಿಂದಿನ ಚಕ್ರಗಳ ಅಚ್ಚನ್ನು ಪಟ್ಟಿಗೆ ಬಿಗಿದು ಹಿಡಿಯುವ ಎಂಟು ನಟ್ಟುಗಳನ್ನು ಚೆನ್ನಯ ತಿರುಗಿಸಿ, ಜ್ಯಾಕ್ ತೆಗೆದು ಗಾಡಿಯನ್ನು ನೆಲಕ್ಕಿಳಿಸಿದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಇಬ್ಬರೂ ಕೈ ತೊಳೆದು ಪಕ್ಕದ ಖಾನಾವಳಿಗೆ ಹೋದರು. "ನೀವೂ ಬನ್ನಿ ಶಂಭಣ್ಣ," ಎಂದು ಪೂವಪ್ಪ ಕರೆದ. ಹಸಿವಿಲ್ಲ ಎಂದೆ.

ಅವರು ಮರೆಯಾದದ್ದೇ ತಡ, ಐವತ್ತಾರು ವರ್ಷದ ನಾನು ಅಂಗಿಯ ತೋಳು ಮಡಚಿ ಜೀಪಿನ ಅಡಿಗೆ ನುಸುಳಿದೆ. ಹಿಂದಿನ ನಟ್ಟುಗಳಿಗೆ ಇನ್ನೂ ಗುರುತು ಬಿದ್ದಿರಲಿಲ್ಲ. ಅವನು ಹಾಕುವ ಮೊದಲು ನಾನೇ ಹಾಕಿಬಿಟ್ಟರೆ? ನನ್ನ ಕಣ್ಣು ತಪ್ಪಿಸಿ ಬಿಚ್ಚಿದರೆ ಗೆರೆ ಮುರಿಯುತ್ತದೆ, ಹಿಡಿದು ಹಾಕಬಹುದು. ಪೆನ್ನು ತೆಗೆದು ಎಂಟಕ್ಕೂ ನಟ್ಟಿನಿಂದ ಬೋಲ್ಟಿನವರೆಗೆ ಗೆರೆ ಎಳೆದೆ. ಹೊರಗೆ ಬಂದು ಮಣ್ಣು ಕೊಡವಿಕೊಂಡಾಗ ನನಗೆ ನನ್ನ ಮೇಲೇ ಹೆಮ್ಮೆ. ಹೊಟೇಲಿನವರ ಬುದ್ಧಿ ಎಂದರೆ ಸುಮ್ಮನೆಯಾ?

ಸಂಜೆ ಗಾಡಿ ತೆಗೆದುಕೊಳ್ಳುವಾಗ ಮತ್ತೆ ಬಗ್ಗಿ ನೋಡಿದೆ. ಎಂಟು ಗೆರೆಗಳೂ ಎಳೆದ ಹಾಗೇ ಇದ್ದವು, ಕೂದಲೆಳೆಯಷ್ಟೂ ಕದಲಿರಲಿಲ್ಲ. ಪರವಾಗಿಲ್ಲ, ಈ ಸಲ ಇವನಿಗೆ ಕದಿಯಲು ಆಗಲಿಲ್ಲ ಎಂದು ಸಮಾಧಾನವಾಯಿತು.

ಭಾನುವಾರ ಬೆಳಿಗ್ಗೆ ಹೊರಟೆವು. ದಿಶಾ ಓಡಿಸುತ್ತಿದ್ದಳು, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ತನ್ನ ಹತ್ಯಾರದ ಪೆಟ್ಟಿಗೆ ಹಿಡಿದುಕೊಂಡು ಪೂವಪ್ಪ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮದುವೆಗೆ ಹೊರಟವನ ಹಾಗೆ. ಕಲ್ಯಾಣದಲ್ಲಿ ಉಳಿದ ಗಾಡಿಗಳು ಸೇರಿಕೊಂಡವು. ಮುರ್ಬಾಡು ದಾಟಿ ಡಾಂಬರು ಬಿಟ್ಟು ಹಳ್ಳಕ್ಕಿಳಿದೆವು. ಮೊಣಕಾಲೆತ್ತರದ ನೀರಿನಲ್ಲಿ ನಮ್ಮ ಜೀಪು ಎಮ್ಮೆಯ ಹಾಗೆ ಆರಾಮಾಗಿ ನಡೆದುಹೋಯಿತು. ಹೃಷೀಕೇಶ ಕಿಟಕಿಯಿಂದ ಕೈ ಹೊರಹಾಕಿ ಹೆಬ್ಬೆರಳೆತ್ತಿದ. ಹಿಂತಿರುಗಿ ನೋಡಿದರೆ ಪೂವಪ್ಪನ ಮುಖ ಅರಳಿತ್ತು.

"ಇನ್ನು ಏರು ಒಂದೇ ಬಾಕಿ ಅಲ್ವಾ ಶಂಭಣ್ಣ?" ಎಂದ.

ಏರಿನ ಅರ್ಧದಲ್ಲಿ ಹಿಂದಿನಿಂದ ಡಬ್ ಎಂದು ಸದ್ದಾಯಿತು. ಜೀಪಿನ ಮೂತಿ ಗುಡ್ಡದ ಕಡೆ, ಬೆನ್ನು ಕೊರಕಲಿನ ಕಡೆ ತಿರುಗಿತು. ದಿಶಾ ಕಿರುಚಿ ಬ್ರೇಕ್ ಒತ್ತಿದಳು. ಜಾರುತ್ತ, ಕೆಸರು ಎರಚುತ್ತ, ಒಂದು ಬಂಡೆಗೆ ಹಿಂದಿನ ಚಕ್ರ ತಗುಲಿ ನಿಂತಿತು. ಬಂಡೆಯಾಚೆ ಇಪ್ಪತ್ತು ಅಡಿ ಆಳ. ಮಗಳ ಕೈ ಸ್ಟಿಯರಿಂಗಿನಿಂದ ಬಿಡಿಸಲು ನನಗೆ ಎರಡು ನಿಮಿಷ ಬೇಕಾಯಿತು.

ಕೆಳಗಿಳಿದವನೇ ಪೂವಪ್ಪನ ಕೊರಳಪಟ್ಟಿ ಹಿಡಿದೆ. "ಕಳ್ಳ ನನ್ಮಗನೇ! ಎಂತ ತೆಗೆದೆ ಹೇಳು! ನನ್ನ ಮಗಳನ್ನು ಕೊಲ್ತಿದ್ದಿಯಲ್ಲ!" ಕನ್ನಡದಲ್ಲಿ ಬೈದು ಸಾಲದೆ, ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲೂ ಬೈದೆ. "ಚೋರ್ ಹೈ ಏ! ಚೋರ್!" ಹನ್ನೊಂದು ಗಾಡಿಯವರೂ ಸುತ್ತ ನಿಂತು ಕೇಳಿದರು.

ಪೂವಪ್ಪ ನನ್ನ ಕೈ ಮೆಲ್ಲಗೆ ಬಿಡಿಸಿಕೊಂಡ. ಇಸ್ತ್ರಿಯ ಅಂಗಿಯಲ್ಲೇ ಕೆಸರಿಗೆ ಮಲಗಿ ಜೀಪಿನ ಅಡಿಗೆ ಹೋದ. ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಅಚ್ಚು ಜಾರಿದೆ. ಎಂಟು ನಟ್ಟೂ ಸಡಿಲ," ಎಂದ. "ಎಂತ ಹೇಳುವುದು ಶಂಭಣ್ಣ... ನಮ್ಮಲ್ಲಿ ಮೊದಲು ಚೆನ್ನಯ ನಟ್ಟು ತಿರುಗಿಸುವ ಸಾದಾ ಪಾನಾ ಹಾಕಿ ಕೂರಿಸ್ತಾನೆ. ಗಾಡಿ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ ದೊಡ್ಡ ಪಾನಾದಲ್ಲಿ ಕೊನೆಯ ಬಿಗಿ. ಬಿಗಿದವರು ಒಂದು ಬಿಳಿ ಗೆರೆ ಎಳೆಯಬೇಕು. ಗೆರೆ ಇದ್ದರೆ ಆಯ್ತು ಅಂತ ಲೆಕ್ಕ, ಮತ್ತೆ ಯಾರೂ ಮುಟ್ಟುವುದಿಲ್ಲ. ನಿನ್ನೆ ಊಟ ಮಾಡಿ ಬಂದು ನೋಡುವಾಗ ಗೆರೆ ಉಂಟು. ಚೆನ್ನಯ ಬೇಗ ಬಂದು ಬಿಗಿದಿದ್ದಾನೆ ಗ್ರಹಿಸಿದೆ. ಅವನೂ ನಾನೇ ಬಿಗಿದದ್ದು ಗ್ರಹಿಸಿರಬೇಕು."

ಅಯ್ಯೋ ದೇವರೇ. ನನ್ನ ಗೆರೆ.

"ಗೆರೆ ಬಿದ್ದದ್ದು ನನ್ನ ಶೆಡ್ಡಿನಲ್ಲಿ. ತಪ್ಪು ನನ್ನದೇ," ಎಂದು ಪೂವಪ್ಪ ಹೃಷೀಕೇಶನಿಗೆ ಹಿಂದಿಯಲ್ಲಿ ಹೇಳಿದ. ಹೃಷೀಕೇಶ ಏನೂ ಕೂಗಾಡಲಿಲ್ಲ. ಇನ್ನು ನಮ್ಮ ಗಾಡಿಗಳ ಮಾತು ಬೇಡ ಎಂದಷ್ಟೇ ಹೇಳಿ ತಿರುಗಿದ.

ಸುಳ್ಳು ಹೇಳುವುದಿಲ್ಲ, ಸುಮ್ಮನಿದ್ದುಬಿಡೋಣ ಎನ್ನಿಸಿತು. ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಬಂಡೆಯ ಮೇಲೆ ಕೂತಿದ್ದ ದಿಶಾ ಪೂವಪ್ಪನನ್ನೇ ನೋಡುತ್ತಿದ್ದಳು. ಒಂದು ವರ್ಷ ಅವನ ಪರ ವಾದಿಸಿದ ಹುಡುಗಿ, ಈಗ ಅವಳ ಕಣ್ಣಿನಲ್ಲೂ ಸಂಶಯ ಬಂದಿತ್ತು. ಆ ಕಣ್ಣು ನನ್ನದೇ ಎಂದು ಗುರುತು ಹತ್ತಿತು. ನಾಚಿಕೆಯಿಂದ ಸತ್ತೇ ಹೋದೆ.

"ಗೆರೆ ಎಳೆದದ್ದು ನಾನು!" ಎಂದು ಕೂಗಿದೆ. ಜೇಬಿನಿಂದ ಪೆನ್ನು ತೆಗೆದು ತೋರಿಸಿದೆ. ಹಿಂದಿಯಲ್ಲಿ, ಹರಕು ಮರಾಠಿಯಲ್ಲಿ, ತುಪ್ಪದ ಡಬ್ಬಿಯಿಂದ ಹಿಡಿದು ಎಲ್ಲ ಹೇಳಿದೆ. ಐದು ನಿಮಿಷದ ಹಿಂದೆ ಚೋರ್ ಚೋರ್ ಎಂದು ಕುಣಿದವನೇ ಈಗ ಅವನು ನಿರಪರಾಧಿ ಎಂದು ಎದೆ ಬಡಿದುಕೊಳ್ಳುತ್ತಿದ್ದೆ.

ಹೃಷೀಕೇಶ ನನ್ನ ಹೆಗಲ ಮೇಲೆ ಕೈಯಿಟ್ಟು ನಕ್ಕ. "ಕಾಕಾ, ತುಮಚಾ ಗಾಂವ್‌ವಾಲಾ ಆಹೆ. ಸಮಜತೋ ಮೀ." ನಿಮ್ಮ ಊರಿನವನು, ಉಳಿಸಲು ನೋಡುತ್ತಿದ್ದೀರಿ, ಅರ್ಥವಾಗುತ್ತದೆ ಎಂದು. ನಾನು ಆಣೆ ಹಾಕಿದೆ. ಅವನು ತಲೆಯಾಡಿಸುತ್ತ ತನ್ನ ಗಾಡಿಗೆ ಹೋದ. ಬದುಕಿನಲ್ಲಿ ಒಂದೇ ಒಂದು ದಿನ ನನ್ನ ಮಾತನ್ನು ಜನ ನಂಬಬೇಕಿತ್ತು, ಒಬ್ಬನೂ ನಂಬಲಿಲ್ಲ.

ನಂಬಿದವನು ಪೂವಪ್ಪ ಮಾತ್ರ. ಅವನು ಪೆನ್ನನ್ನು ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಂದು ಮಾತು ಕೇಳಬಹುದಿತ್ತಲ್ಲ ಶಂಭಣ್ಣ," ಎಂದ.

ಮನೆಗೆ ಹೋಗಬೇಕಲ್ಲ. ಕ್ಲಬ್ಬಿನವರು ಹಗ್ಗ ಕಟ್ಟಿ ಜೀಪನ್ನು ಸಮತಟ್ಟಿಗೆ ಎಳೆದುಕೊಟ್ಟು ಮುಂದೆ ಹೋದರು. ಪಟ್ಟಿಯ ನಡುವಿನ ಬೋಲ್ಟು ಮುರಿದಿತ್ತು, ಅಂಥದ್ದೊಂದು ಪೂವಪ್ಪನ ಪೆಟ್ಟಿಗೆಯಲ್ಲಿತ್ತು. ಅಚ್ಚನ್ನು ಜಾಗಕ್ಕೆ ತಂದು ಕೂರಿಸಿ, ದೊಡ್ಡ ಪಾನಾ ಹಿಡಿದು ಮತ್ತೆ ಅಡಿಗೆ ಹೋಗುವ ಮೊದಲು ನನ್ನನ್ನು ಕರೆದ.

"ಬನ್ನಿ. ಪಕ್ಕದಲ್ಲಿ ಮಲಗಿ. ಒಂದೊಂದೇ ನೋಡಿ, ಮತ್ತೆ ಮಗಳನ್ನು ಗಾಡಿಯಲ್ಲಿ ಕೂರಿಸಿ."

"ಬೇಡ ಪೂವಪ್ಪ. ನನಗೆ ನಂಬಿಕೆ ಉಂಟು."

"ನೋಡಿ ಮಾರ್ರೆ," ಎಂದ, ಅಷ್ಟೇ ಮೆತ್ತಗೆ.

ಮಲಗಿದೆ. ಕೆಸರು ಬೆನ್ನಿಗೆ ತಣ್ಣಗೆ ಹತ್ತಿತು. ಅವನು ಮೊದಲನೆಯ ನಟ್ಟಿಗೆ ಪಾನಾ ಹಾಕಿ, ಹಲ್ಲು ಕಚ್ಚಿ ಎಳೆದು, ಕಟ್ ಎಂದು ಸದ್ದು ಬಂದ ಮೇಲೆ ನನ್ನ ಕಡೆ ತಿರುಗಿದ.

"ನೋಡಿದಿರಾ?"

"ನೋಡಿದೆ."

ಎರಡನೆಯದು. "ನೋಡಿದಿರಾ?" "ನೋಡಿದೆ." ಮೂರನೆಯದು. ನಾಲ್ಕನೆಯದು. ಪ್ರತಿ ಸಲವೂ ಕೇಳಿದ, ಪ್ರತಿ ಸಲವೂ ಹೇಳಿಸಿದ. ಅಡುಗೆಮನೆಯಲ್ಲಿ ನನ್ನ ಮುಂದೆ ಡಬ್ಬಿ ತೆರೆದು ತೋರಿಸುತ್ತಿದ್ದ ಅಡುಗೆಯವರ ಹೊಟ್ಟೆಯಲ್ಲಿ ಇಷ್ಟು ವರ್ಷ ಏನು ನಡೆಯುತ್ತಿತ್ತು ಎಂದು ಆ ಕೆಸರಿನಲ್ಲಿ ನನಗೆ ತಿಳಿಯಿತು. ಆರನೆಯದಕ್ಕೆ ಬರುವಾಗ ನನ್ನ ಕಣ್ಣು ತುಂಬಿ ಪಾನಾ ಯಾವುದು, ಕೈ ಯಾವುದು ಎಂದೂ ಕಾಣುತ್ತಿರಲಿಲ್ಲ.

ಎಂಟನೆಯದು ಕಟ್ ಎಂದಿತು.

"ನೋಡಿದಿರಾ ಶಂಭಣ್ಣ?"

"ನೋಡಿದೆ," ಎಂದೆ. ನೋಡಿರಲಿಲ್ಲ.

"ಹಾಗಾದರೆ ಆಯ್ತು. ಇನ್ನು ಗಾಡಿ ಬೇರೆ ಯಾರಿಗಾದರೂ ತೋರಿಸಿ," ಎಂದು ಪೂವಪ್ಪ ಪೆಟ್ಟಿಗೆ ಎತ್ತಿಕೊಂಡು ಡಾಂಬರು ರಸ್ತೆಯ ಕಡೆ ನಡೆಯತೊಡಗಿದ. ಕಲ್ಯಾಣದವರೆಗಾದರೂ ಜೀಪಿನಲ್ಲಿ ಬಾ ಎಂದು ಹಿಂದಿನಿಂದ ಕೂಗಿದೆ, ಅವನು ತಿರುಗಲಿಲ್ಲ.