ಏಳನೇ ನಂಬರಿನ ಜಾಕೆಟ್

"ಸತ್ತವನ ಮೈಮೇಲಿತ್ತು ಅಂತ ನೀನೇ ಇಟ್ಕೊಂಡುಬಿಟ್ರೆ ನಾಳೆ ನಾನು ಯಾರಿಗೆ ಉತ್ತರ ಕೊಡ್ಲಿ? ಅದು ಅನುದಾನದ ಮಾಲು ಕಣಮ್ಮಾ."

ವಲಯ ಕಚೇರಿಯ ಮೇಲ್ವಿಚಾರಕ ಜೀಪಿನಿಂದ ಇಳಿಯದೆ, ಮೂಗಿಗೆ ಕರವಸ್ತ್ರ ಹಿಡಿದು ಹೇಳಿದ. ಗಂಡನನ್ನು ಮಣ್ಣು ಮಾಡಿ ಬಂದ ಮರುದಿನದ ಬೆಳಗು. ಸೇತುವೆಯ ಮೇಲೆ ಬಸ್ಸುಗಳು ಎಂದಿನಂತೆ ಓಡುತ್ತಿದ್ದವು. ಕೆಳಗೆ, ಮೂರನೇ ಕಂಬದ ಬುಡದಲ್ಲಿ, ನಾನು ಗಂಡನ ಬಣ್ಣದ ಬ್ರಷ್ಷುಗಳನ್ನು ಡಬ್ಬದಲ್ಲಿ ನೆನೆಹಾಕಿದ್ದೆ. ನೆನೆಸದಿದ್ದರೆ ಗಟ್ಟಿಯಾಗುತ್ತವೆ. ಇನ್ನು ಅವು ಯಾರಿಗೆ ಬೇಕು ಎಂಬುದು ಹೊಳೆದದ್ದು ನೆನೆಹಾಕಿದ ಮೇಲೆ.

ನಾಳೆ ಅನುದಾನದ ತಪಾಸಣೆ, ಸಂಜೆಯೊಳಗೆ ಜಾಕೆಟ್ ಕಚೇರಿಯಲ್ಲಿರಬೇಕು ಎಂದು ಹೇಳಿ ಅವನು ಜೀಪು ತಿರುಗಿಸಿಕೊಂಡು ಹೋದ. ಪಕ್ಕದ ಕಂಬದ ಚಿಂದಿ ಆಯುವ ಅಜ್ಜಿ ಆ ಧೂಳಿನತ್ತ ಉಗಿದಳು.

"ಮುಂಡೇಮಗ. ಗುಂಡಿ ಮಣ್ಣು ಒಣಗೋಕೂ ಬಿಡಲ್ಲ."

ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. "ನಿನಗಂದಿದ್ದಲ್ಲ ಮಗಾ."

ಆ ಬೈಗುಳದೊಳಗೆ ಈಗ ನಾನೂ ಇದ್ದೇನೆ ಎಂದು ಗೊತ್ತಾದದ್ದು ಆಗಲೇ.

ವಲಯದಲ್ಲಿ ಮನೆಯಿಲ್ಲದವರು ಎಷ್ಟು ಜನ ಸಿಗುತ್ತಾರೋ ಅಷ್ಟು ಕೋಣೆಗೆ ಸರ್ಕಾರ ಅನುದಾನ ಕೊಡುತ್ತದೆ. ಎಣಿಸುವುದಕ್ಕೆ ಬೀದಿಯಲ್ಲಿ ಬದುಕುವವರೇ ಬೇಕೆಂಬುದು ಷರತ್ತು. ನನ್ನ ಗಂಡ ಗೋಡೆಗೆ ಬಣ್ಣ ಹೊಡೆಯುವವನು. ಊರೆಲ್ಲ ತಿರುಗಿದವನಿಗೆ ಯಾವ ಅಂಗಡಿಯ ಮುಂದೆ, ಯಾವ ಮೆಟ್ಟಿಲ ಕೆಳಗೆ ಯಾರು ಮಲಗುತ್ತಾರೆಂದು ಗೊತ್ತಿತ್ತು. ನಾನು ಎಂ.ಎ. ಬಾಡಿಗೆಯ ಕೋಣೆ ಬಿಡಿಸಿದ ಮೇಲೆ ನನ್ನ ಓದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಮೂರು ಸಂಜೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಅವನು ತೋರಿಸಿದ, ನಾನು ಬರೆದೆ. ಇನ್ನೂರ ಹನ್ನೆರಡು ಹೆಸರು. ಅಜ್ಜಿಯದು ನೂರಾ ನಾಲ್ಕನೆಯದು.

ನಮ್ಮಿಬ್ಬರ ಹೆಸರು ಮೊದಲೇ ಬರೆದುಬಿಡೋಣ ಎಂದಿದ್ದೆ. "ಬಡಿಸೋರು ಮೊದಲು ಊಟಕ್ಕೆ ಕೂರ್ತಾರೇನೇ?" ಎಂದು ಅವನು ನಕ್ಕಿದ್ದ. ಕೊನೆಗೆ ಬರೆಯಹೋದಾಗ ಮೇಲ್ವಿಚಾರಕ ಹಾಳೆ ಎಳೆದುಕೊಂಡ.

"ಎಣಿಸೋರನ್ನ ಎಣಿಸಲ್ಲ ಕಣೋ. ಜಾಕೆಟ್ ಹಾಕ್ಕೊಂಡ್ಮೇಲೆ ನೀವು ಸಿಬ್ಬಂದಿ. ಕೆಲಸ ಇರೋರಿಗೆ ಯಾವನು ಕೋಣೆ ಕೊಡ್ತಾನೆ?"

ಮೂರು ದಿನದ ಕೆಲಸ ಸಾರ್ ಎಂದು ಗಂಡ ಕೈಮುಗಿದ. ಮುಂದಿನ ಎಣಿಕೆ ಎರಡು ವರ್ಷಕ್ಕೆ ಎಂದರು.

ಬರೆದದ್ದು ನನ್ನ ಕೈ. ಎರಡು ಸಾಲು ಮೊದಲೇ ಬರೆಯಬಹುದಿತ್ತು. ಈ ಮಾತನ್ನು ಅವನು ಒಮ್ಮೆಯೂ ಆಡಲಿಲ್ಲ.

ನನ್ನ ಜಾಕೆಟ್ ಅಂದೇ ಕಚೇರಿಗೆ ವಾಪಸ್ ಕೊಟ್ಟೆ. ಅವನಿಗೆ ಕೆಮ್ಮಿತ್ತು. ಚಳಿ ಮುಗಿಯುವವರೆಗೆ ತನ್ನದು ಇರಲಿ ಎಂದು ಕೇಳಿ, ಪುಸ್ತಕದಲ್ಲಿ ಸಹಿ ಮಾಡಿ ತಂದ. ಚಳಿ ಮುಗಿಯಲಿಲ್ಲ. ಆಸ್ಪತ್ರೆಯವರು ಅದನ್ನು ಕಳಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟರು. ವಿಳಾಸ ಕೇಳಿದರು. ಇಲ್ಲ ಎಂದೆ. ಅವರು ಒಂದು ಗೆರೆ ಎಳೆದರು.

ಮುಂದಿನ ತಿಂಗಳು ಪಟ್ಟಿಯಲ್ಲಿರುವವರೆಲ್ಲ ಕೋಣೆಗಳಿಗೆ ಹೋಗುತ್ತಾರೆ. ಆಮೇಲೆ ಸೇತುವೆಯ ಕೆಳಗೆ ತಂತಿಬೇಲಿ ಬರುತ್ತದೆ. ತನ್ನ ಕೋಣೆಗೇ ಬಾ ಎಂದು ಅಜ್ಜಿ ಕರೆದಿದ್ದಳು. ಒಂದು ಹೆಸರಿಗೆ ಒಂದೇ ಮಂಚವಂತೆ.

"ಪುಸ್ತಕದಲ್ಲಿ ನಿನ್ ಗಂಡನ ಸಹಿ ಇದ್ಯಲ್ಲ, ತೋರ್ಸಿ ಕೇಳು," ಎಂದಳು ಅಜ್ಜಿ. "ಬಾಯಿ ಸತ್ತೋಳ ಹಾಗೆ ವಾಪಸ್ ಬರ್ಬೇಡ."

ಕಚೇರಿಯ ಗೋಡೆಗೆ ಹನ್ನೆರಡು ಮೊಳೆ. ಹನ್ನೊಂದರಲ್ಲಿ ಜಾಕೆಟ್ಟುಗಳು ನೇತಾಡುತ್ತಿದ್ದವು. ಮೇಲ್ವಿಚಾರಕ ಪುಸ್ತಕ ತೆರೆದ. ಏಳನೇ ನಂಬರು, ನನ್ನ ಗಂಡನ ಹೆಸರು, ಸೊಟ್ಟ ಸಹಿ. ವಿಳಾಸದ ಜಾಗದಲ್ಲಿ: ಸೇತುವೆ ಕೆಳಗೆ, ಮೂರನೇ ಕಂಬ.

"ನಾವು ಎಲ್ಲಿದ್ವಿ ಅಂತ ನಿಮ್ಮ ಪುಸ್ತಕದಲ್ಲೇ ಇದೆ ಸಾರ್. ಅವರದು ಬೇಡ. ನನ್ನ ಹೆಸರೊಂದು ಸೇರಿಸಿ."

"ಓದಿದೋಳು ಅಂತ ನನಗೇ ಪಾಠ ಹೇಳ್ಬೇಡ. ಇದು ಜಾಕೆಟ್ಟಿನ ಪುಸ್ತಕ. ಜನರದ್ದು ಮೇಲಕ್ಕೆ ಹೋಗಿಯಾಯ್ತು." ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಂಗೇನು, ವಯಸ್ಸಿದೆ. ಇನ್ನೊಬ್ಬನ್ನ ನೋಡ್ಕೋ, ಅವನ ಮನೇನೂ ಸಿಗುತ್ತೆ."

ಪಕ್ಕದ ಮೇಜಿನವನು ನಕ್ಕ.

ಚೀಲದಿಂದ ಜಾಕೆಟ್ ತೆಗೆದೆ. ತೋಳಿನ ಮೇಲೆ ಬಿಳಿ ಬಣ್ಣದ ಕಲೆ. ತೊಳೆದು ತರೋಕಾಗಲ್ವಾ ಎಂದು ಮೇಲ್ವಿಚಾರಕ ಕೈಚಾಚಿದ. ಅವರು ಸತ್ತದ್ದು ಇದರಲ್ಲೇ ಎಂದೆ. ಕೈ ಹಿಂದೆ ಹೋಯಿತು, ಕರವಸ್ತ್ರ ಮೂಗಿಗೆ ಬಂತು.

ನಾನು ಜಾಕೆಟ್ ತೊಟ್ಟುಕೊಂಡೆ. ಕತ್ತಿನವರೆಗೆ ಜಿಪ್ಪು ಎಳೆದೆ. ಗೋಡೆಯ ಬಳಿ ಹೋಗಿ, ಆರಕ್ಕೂ ಎಂಟಕ್ಕೂ ನಡುವೆ, ಖಾಲಿ ಮೊಳೆಯ ಕೆಳಗೆ ಬೆನ್ನು ಕೊಟ್ಟು ನಿಂತೆ.

"ಎಣಿಸಿ ಸಾರ್."

ಪಕ್ಕದ ಮೇಜಿನವನ ನಗು ನಿಂತಿತು. ಮೇಲ್ವಿಚಾರಕ ಕುರ್ಚಿಯಿಂದ ಏಳಲಿಲ್ಲ. ಪೆನ್ನಿನ ತುದಿಯನ್ನು ಗೋಡೆಯುದ್ದಕ್ಕೂ ಸರಿಸುತ್ತ ಎಣಿಸಿದ. ನಾಲ್ಕು, ಐದು, ಆರು. ನನ್ನ ಎದೆಯ ಮೇಲಿನ ನಂಬರನ್ನು ಓದಿ ಏಳು ಎಂದ. ಎಂಟು, ಒಂಬತ್ತು.

"ಹನ್ನೆರಡು. ಸರಿ ಇದೆ."

ಸ್ಕೇಲು ಇಟ್ಟು ನನ್ನ ಗಂಡನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ.

"ಬಿಚ್ಚಿ ನೇತುಹಾಕಿ ಹೋಗು."

ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು.