ನಾಜೂಕಪ್ಪ ಬಿದ್ದ ಮೇಲೆ

ನಾಜೂಕಪ್ಪನನ್ನು ತಿಂಗಳಿಗೊಮ್ಮೆ ಕೆಡವುವುದು ನನ್ನ ಕೆಲಸವಾಗಿತ್ತು. ಒಂದು ತಿಂಗಳು ತಿಪ್ಪೆಗೆ, ಇನ್ನೊಂದು ತಿಂಗಳು ಹಾಳು ಬಾವಿಗೆ, ಏನೂ ಹೊಳೆಯದಿದ್ದರೆ ಜಾಲಿ ಮುಳ್ಳಿನ ಬೇಲಿಗೆ. ಸರದಾರ ಡಕಾಯಿತರನ್ನು ಹಿಡಿದು, ಊರವರು ಜೈಕಾರ ಹಾಕಿ, ಎಲ್ಲ ಸುಸೂತ್ರ ಮುಗಿದ ಮೇಲೆ ಕೊನೆಯ ಪುಟಕ್ಕೆ ಅವನ ಸೇವಕ ನಾಜೂಕಪ್ಪ ಸೊಂಟ ಬಳುಕಿಸುತ್ತ ಬರಬೇಕು. "ನನ್ನ ರಾಜಾ" ಎಂದು ತೋಳು ಚಾಚಬೇಕು. ಸರದಾರ ಒದೆಯಬೇಕು, ಅವನು ಬೀಳಬೇಕು. ಓದುವವರು ನಗಬೇಕು. ಅವರು ನಗುತ್ತಲೂ ಇದ್ದರು.

ಕಲಬುರ್ಗಿಯಲ್ಲಿ ಛಾಪಖಾನೆ ಇಟ್ಟಿದ್ದ ದೌಲತರಾಯರು 'ಸರದಾರ' ಎಂಬ ಆ ಚಿತ್ರಕಥೆಯ ಪುಸ್ತಕ ಹೊರಡಿಸುತ್ತಿದ್ದರು. ಕಥೆ ಅವರದು, ಚಿತ್ರ ನನ್ನದು. ನಾನು ಅಫಜಲಪುರದಲ್ಲಿ ಬೋರ್ಡು ಬರೆಯುವ ಸೈದಪ್ಪ. ಕಿರಾಣಿ ಅಂಗಡಿ, ದವಾಖಾನೆ, ಟ್ರ್ಯಾಕ್ಟರಿನ ಟ್ರಾಲಿ ಎಲ್ಲದಕ್ಕೂ ನನ್ನ ಕುಂಚವೇ ಓಡಾಡಿದೆ. ಬೋರ್ಡಿನ ಮೂಲೆಯಲ್ಲಿ ನನ್ನ ಹೆಸರು ಹಾಕಿಕೊಳ್ಳುವ ಚಟ ನನಗೆ. ಪುಸ್ತಕದಲ್ಲಿ ಮಾತ್ರ ಹಾಕಿಕೊಳ್ಳಲಿಲ್ಲ. ಯಾಕೆಂದು ದೌಲತರಾಯರು ಕೇಳಿದಾಗ ನಾಚಿಕೆ ಎಂದೆ. ಅದು ಸುಳ್ಳಲ್ಲ.

ನಾನು ಕಪ್ಪು ಶಾಯಿಯಲ್ಲಿ ಚಿತ್ರ ಬರೆದು, ಪಾತ್ರಗಳ ಬಾಯಿಯ ಹತ್ತಿರ ಮಾತಿಗೆಂದು ಬಿಳಿಯ ಗುಳ್ಳೆ ಖಾಲಿ ಬಿಡಬೇಕು. ಛಾಪಖಾನೆಯಲ್ಲಿ ಮಾತುಗಳನ್ನು ಅಚ್ಚು ಹಾಕಿ, ಕತ್ತರಿಸಿ, ಆ ಗುಳ್ಳೆಯೊಳಗೆ ಅಂಟಿಸುತ್ತಿದ್ದರು. ಆಮೇಲೆ ಆ ಹಾಳೆ ಸೊಲ್ಲಾಪುರಕ್ಕೆ ಹೋಗಿ ಅಚ್ಚು ಹಾಕುವ ಬ್ಲಾಕಾಗಿ ಬರುತ್ತಿತ್ತು. ನಾಜೂಕಪ್ಪ ಏನು ಹೇಳಿದ ಎಂಬುದು ಪುಸ್ತಕ ಕೈಗೆ ಬಂದ ಮೇಲೆಯೇ ನನಗೂ ಗೊತ್ತಾಗುತ್ತಿದ್ದುದು. ಬಾಯಿ ಬರೆಯುವವನು ನಾನು, ಅದರಲ್ಲಿ ಮಾತು ತುರುಕುವವರು ಬೇರೆ.

ಸರದಾರನ ಮುಖ ರಸೂಲನದು. ಕೂಡಿದ ಹುಬ್ಬು, ಗಲ್ಲದ ಮೇಲಿನ ಗುಳಿ, ನಗುವಾಗ ಒಂದು ಕಡೆ ಏರುವ ತುಟಿ. ನಾಜೂಕಪ್ಪನ ಮೈ ನನ್ನದು. ಒಬ್ಬಂಟಿಗನ ಮನೆಯಲ್ಲಿ ಮಾದರಿಗೆ ನಿಲ್ಲಲು ಯಾರಿರುತ್ತಾರೆ? ಗೋಡೆಗೆ ನಿಲುಗನ್ನಡಿ ಒರಗಿಸಿ, ಎದುರಿಗೆ ಕೌದಿ ಹಾಸಿ, ಅದರ ಮೇಲೆ ನಾನೇ ಬಿದ್ದು, ಕತ್ತು ಹೇಗೆ ಹೊರಳುತ್ತದೆ, ಕೈ ಹೇಗೆ ಮಡಚುತ್ತದೆ ಎಂದು ನೋಡಿಕೊಂಡು ಬರೆಯುತ್ತಿದ್ದೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ, ಆದರೆ ಬೀಳುವವನ ಎಡ ಬಲ ಯಾರು ನೋಡುತ್ತಾರೆ? ಹೀಗೆ ವರ್ಷಗಟ್ಟಲೆ ರಸೂಲನ ಕಾಲಿನಿಂದ ನನ್ನನ್ನು ನಾನೇ ಒದೆಸಿಕೊಂಡೆ. ಅದಕ್ಕೆ ಮಜೂರಿಯನ್ನೂ ತೆಗೆದುಕೊಂಡೆ.

ರಸೂಲ ಮತ್ತು ನಾನು ಕಲಬುರ್ಗಿಯ ರಾಜೇಸಾಬ ಉಸ್ತಾದರ ಕೈಯಲ್ಲಿ ಒಟ್ಟಿಗೆ ಪೇಂಟಿಂಗ್ ಕಲಿತವರು. ಒಮ್ಮೆ ಇಜೇರಿಯಲ್ಲಿ ಬೀಡಿ ಕಂಪನಿಯ ಗೋಡೆ ಬರೆದು, ಬಸ್ಸು ತಪ್ಪಿಹೋಗಿ, ಎರೆಹೊಲದ ಹಾದಿ ಹಿಡಿದು ನಡೆಯುತ್ತಿದ್ದೆವು. ನನ್ನ ಚಪ್ಪಲಿ ಹರಿದು ಕೈಗೆ ಬಂದಿತ್ತು. ಜಾಲಿ ಮುಳ್ಳು ಅಂಗಾಲಿಗೆ ನಟ್ಟು ಒಳಗೇ ಮುರಿಯಿತು. ರಸೂಲ ಬದುವಿನ ಮೇಲೆ ಕೂತು ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡ. ಎಕ್ಕೆಯ ಎಲೆ ಮುರಿದು ಹಾಲು ಹಚ್ಚಿದ, ಅದು ಮುಳ್ಳನ್ನು ಸಡಿಲ ಮಾಡುತ್ತದೆ. ಆಮೇಲೆ ಇನ್ನೊಂದು ಮುಳ್ಳಿನಿಂದ ಕೆದರಿ ತೆಗೆದ. ಮುಳ್ಳು ಬಂದ ಮೇಲೂ ಅವನು ಕಾಲು ಬಿಡಲಿಲ್ಲ. ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡು ಕೂತಿದ್ದ. ನಾನೂ ಎಳೆದುಕೊಳ್ಳಲಿಲ್ಲ.

ಅಷ್ಟೇ. ಆಮೇಲೆ ಅವನಿಗೆ ಜೇವರ್ಗಿಯ ಶಮ್ಸುನ್ನಿಸಾಳ ಜೊತೆ ನಿಕಾಹ್ ಆಯಿತು. ಮದುವೆ ಹಂದರದ ಬಾಗಿಲಿನ ಬೋರ್ಡಿನಲ್ಲಿ ಇಬ್ಬರ ಹೆಸರನ್ನೂ ನಾನೇ ಬರೆದೆ, ಬಂಗಾರದ ಬಣ್ಣದಲ್ಲಿ. ಅವನು ಕುಂಚ ಬಿಟ್ಟು ಮಾವನ ಬಾಡಿಗೆ ಸೈಕಲ್ ಅಂಗಡಿಗೆ ಕೂತ. ನಾನು ಅಫಜಲಪುರಕ್ಕೆ ಬಂದೆ. ಆ ಬದುವಿನ ಮೇಲಿನ ಮಾತನ್ನು ಅವನು ಎಂದೂ ಎತ್ತಲಿಲ್ಲ. ಅವನಿಗೆ ನೆನಪಾದರೂ ಇದೆಯೋ, ಇಲ್ಲಾ ನಾನೊಬ್ಬನೇ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೇನೋ, ನನಗೆ ತಿಳಿಯಬೇಕಾಗಿದ್ದುದು ಅದೊಂದೇ. ಕೇಳಲು ಧೈರ್ಯ ಇರಲಿಲ್ಲ. ಮಾತೂ ಇರಲಿಲ್ಲ. ಗಂಡಸು ಗಂಡಸಿನ ಮೇಲೆ ಜೀವ ಇಟ್ಟರೆ ನಮ್ಮ ಕಡೆ ಅದಕ್ಕೆ ಇದ್ದ ಶಬ್ದಗಳೆಲ್ಲ ಬೈಗುಳ. ಪುಸ್ತಕಗಳಲ್ಲಿ ನನ್ನಂಥವನನ್ನು ಹುಡುಕಿದರೆ ಸಿಗುತ್ತಿದ್ದವನು ನಾಜೂಕಪ್ಪನೊಬ್ಬನೇ. ಅವನನ್ನೂ ನಾನೇ ಕೆಡವಬೇಕಾಗಿತ್ತು.

ಒಂದು ದಿನ ಕ್ಷೌರಕ್ಕೆಂದು ಮಲ್ಲಣ್ಣನ ಅಂಗಡಿಯಲ್ಲಿ ಕೂತಿದ್ದೆ. ಬೆಂಚಿನ ಮೇಲಿದ್ದವರು 'ಸರದಾರ'ದ ಕೊನೆಯ ಪುಟ ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬ ಎದ್ದು ನಾಜೂಕಪ್ಪನ ನಡಿಗೆ ನಡೆದು ತೋರಿಸಿದ. ಮಲ್ಲಣ್ಣನಿಗೆ ನಗು ತಡೆಯದೆ ಕತ್ತಿ ನನ್ನ ಗಂಟಲ ಹತ್ತಿರ ನಡುಗಿತು. ಮುಖದ ತುಂಬ ಸಾಬೂನು ನೊರೆ ಇಟ್ಟುಕೊಂಡು ನಾನೂ ನಕ್ಕೆ. ಎದುರಿನ ಕನ್ನಡಿಯಲ್ಲಿ ನಗುವ ಆ ಮುಖ ನೋಡಿ ನನಗೆ ಹೇಸಿಕೆ ಬಂತು. ಬಾಯಿಗೆ ಬಂದ ನೊರೆ ಉಗುಳುವಾಗ ಅಳುವೂ ಬಂತು. ನೊರೆ ಇದ್ದದ್ದು ಒಳ್ಳೆಯದಾಯಿತು.

ಮನೆಮನೆಗೆ ಟಿ.ವಿ. ಬರತೊಡಗಿದ ಮೇಲೆ ಪುಸ್ತಕ ಕೇಳುವವರು ಕಡಿಮೆಯಾದರು. ದೌಲತರಾಯರು ನನ್ನನ್ನು ಕರೆಸಿದರು.

"ಈ ತಿಂಗಳದ್ದು ಕಡೀ ಪುಸ್ತಕ ನೋಡಪಾ. ಇನ್ನ ಮ್ಯಾಲ ಬರೇ ಲಗ್ನಪತ್ರಿಕಿ ಛಾಪಿಸೂದು. ಸರದಾರಂದು ಲಗ್ನ ಮಾಡಿ ಮುಗಿಸಿಬಿಡಮು."

"ನಾಜೂಕಪ್ಪಂದು ಏನ್ ಮಾಡೂದ್ರಿ?"

"ಏನ್ ಮಾಡೂದು? ಸೀರಿ ಉಟ್ಟು ಹಂದರದಾಗ ಕುಣೀಲಿ. ಸರದಾರ ಒದಿಲಿ. ಬೇಲ್ಯಾಗ ಬೀಳಲಿ. ಮಂದಿ ನಕ್ಕೋತ ಪುಸ್ತಕ ಮುಚ್ಚಬೇಕು."

"ಆಗಲ್ರಿ ಸಾವಕಾರ್ರ" ಎಂದು ಬಂದೆ.

ಮದುವೆ ಬರೆದೆ, ಹಂದರ ಬರೆದೆ, ಕುದುರೆ ಬರೆದೆ. ಕೊನೆಯ ಪುಟದ ಹಾಳೆ ಎದುರಿಗಿಟ್ಟುಕೊಂಡಾಗ ಕೈ ಏಳಲಿಲ್ಲ. ಇಷ್ಟು ವರ್ಷ ಬೇಲಿಗೆ ಬಿದ್ದವನು ಆಮೇಲೆ ಏನಾದ? ಮುಂದಿನ ತಿಂಗಳು ಮತ್ತೆ ಸೊಂಟ ಬಳುಕಿಸುತ್ತ ಬರುತ್ತಿದ್ದನಲ್ಲ, ನಡುವೆ ಅವನ ಮುಳ್ಳು ತೆಗೆದವರು ಯಾರು? ಇದನ್ನು ಯಾರೂ ಕೇಳಿರಲಿಲ್ಲ. ಬರೆದ ನಾನೂ ಕೇಳಿರಲಿಲ್ಲ.

ಕನ್ನಡಿಯ ಎದುರಿಗೆ ಕೂತೆ. ಕಾಲೆತ್ತಿ ತಲೆದಿಂಬಿನ ಮೇಲಿಟ್ಟೆ, ತೊಡೆಯ ಬದಲಿಗೆ. ಇಡೀ ಪುಟಕ್ಕೆ ಒಂದೇ ಚಿತ್ರ ಬರೆದೆ. ಹೊಲದ ಬದುವಿನ ಮೇಲೆ ಸರದಾರ ರುಮಾಲು ಬಿಚ್ಚಿಟ್ಟು ಕೂತಿದ್ದಾನೆ. ನಾಜೂಕಪ್ಪನ ಕಾಲು ಅವನ ತೊಡೆಯ ಮೇಲಿದೆ. ಪಕ್ಕದಲ್ಲಿ ಮುರಿದ ಎಕ್ಕೆಯ ಎಲೆ ಬಿದ್ದಿದೆ. ಮುಳ್ಳು ಆಗಲೇ ಹೊರಗೆ ಬಂದು ನೆಲದ ಮೇಲಿದೆ, ಆದರೂ ಸರದಾರ ಕಾಲು ಬಿಟ್ಟಿಲ್ಲ. ಆಕಾಶಕ್ಕೆಲ್ಲ ಕಪ್ಪು ಶಾಯಿ ತುಂಬಿದೆ, ಜಾಲಿ ಗಿಡಕ್ಕೂ ಎರೆಮಣ್ಣಿಗೂ ತುಂಬಿದೆ. ಇಬ್ಬರ ಮೈಮುಖ ಬಿಟ್ಟರೆ ಬಿಳಿಯ ಜಾಗವೇ ಉಳಿಯಲಿಲ್ಲ. ಗುಳ್ಳೆ ಅಂಟಿಸಲು ಬೆರಳು ಊರುವಷ್ಟೂ ಬಿಡಲಿಲ್ಲ.

ದೌಲತರಾಯರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಾತು ಎಲ್ಲಿ ಹಚ್ಚಲಿ?"

"ಜಾಗ ಸಾಲಲಿಲ್ರಿ."

"ಇಂವ ಬಿದ್ದೇ ಇಲ್ಲಲ್ಲಪಾ."

"ಬಿದ್ದ ಮ್ಯಾಲಿಂದ್ರಿ ಇದು."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಏನೋ ಕೇಳುವವರಿದ್ದರು. ಆದರೆ ಲಗ್ನಪತ್ರಿಕೆಯ ಬೀಗರು ಬಂದು ಬಾಗಿಲಲ್ಲಿ ನಿಂತಿದ್ದರು, ಸೊಲ್ಲಾಪುರದ ಬಸ್ಸಿಗೂ ಹೊತ್ತಾಗಿತ್ತು. "ಕಡೀದ ಅದ, ಹೋಗ್ಲಿ ಬಿಡು" ಎಂದು ಹಾಳೆಯನ್ನು ಕಟ್ಟಿನೊಳಗೆ ಸೇರಿಸಿದರು. ರಸೂಲನ ಅಂಗಡಿಯಲ್ಲಿ ಸೈಕಲ್ ಜೊತೆಗೆ ಇಂಥ ಪುಸ್ತಕಗಳನ್ನೂ ಹಗ್ಗಕ್ಕೆ ತೂಗುಹಾಕಿ ಬಾಡಿಗೆಗೆ ಕೊಡುತ್ತಾನೆ. ಅವನು ನೋಡಿಯೇ ನೋಡುತ್ತಾನೆ. ನೋಡಿದರೆ ಒಂದು ಮಾತಾದರೂ ಹೇಳಿಯಾನು.

ಪುಸ್ತಕ ಹೊರಬಿತ್ತು. ಮಲ್ಲಣ್ಣನ ಅಂಗಡಿಯಲ್ಲಿ ಮತ್ತೆ ಬೆಂಚಿನವರು ಕೊನೆಯ ಪುಟ ತೆಗೆದರು. ಯಾರೂ ಎದ್ದು ನಡೆದು ತೋರಿಸಲಿಲ್ಲ. "ಇದರಾಗ ನಗೂವಂಥಾದ್ದು ಏನದ?" ಎಂದು ಒಬ್ಬ ಪುಸ್ತಕ ಒಗೆದ. ಮಲ್ಲಣ್ಣ ಕತ್ತಿ ಮಸೆಯುತ್ತ ಬಗ್ಗಿ ನೋಡಿ, "ಪಾಪ, ಭಾಳ ಆಳ ನಟ್ಟಿತ್ತು ಕಾಣ್ತದ" ಎಂದ. ನಾಜೂಕಪ್ಪನಿಗೆ ಯಾರಾದರೂ ಪಾಪ ಎಂದದ್ದು ಅದೇ ಮೊದಲು.

ಜೇವರ್ಗಿಯಿಂದ ಮಾತ್ರ ಏನೂ ಸುದ್ದಿ ಬರಲಿಲ್ಲ. ಅಫಜಲಪುರಕ್ಕೆ ಬರುವ ಡ್ರೈವರುಗಳ ಕೈಯಲ್ಲಿ ಅವನು ಆಗೀಗ ಸಲಾಮು ಹೇಳಿ ಕಳಿಸುವುದಿತ್ತು. ಈಗ ಅದೂ ಇಲ್ಲ. ಅವನಿಗೆ ಸಿಟ್ಟು ಬಂದಿರಬೇಕು ಅನ್ನಿಸಿತು. ಒಮ್ಮೊಮ್ಮೆ ಅದಕ್ಕಿಂತ ಕೆಟ್ಟದ್ದು ಅನ್ನಿಸುತ್ತಿತ್ತು: ಅವನಿಗೆ ಏನೂ ಅನ್ನಿಸಿಯೇ ಇರಲಿಕ್ಕಿಲ್ಲ.

ಅಷ್ಟರಲ್ಲಿ ನರೋಣಾದಲ್ಲಿರುವ ಅಕ್ಕ ಗುರುಬಾಯಿ ಹೇಳಿ ಕಳಿಸಿದಳು, ಹೋಗಿ ಬಂದೆ. ಅವಳದು ಗೊತ್ತಿದ್ದದ್ದೇ. "ಕೂದಲ ಬೆಳ್ಳಗಾಗಾಕತ್ತಾವ. ನಿನಗ ಒಂದು ತುತ್ತು ಅನ್ನ ಮಾಡಿ ಹಾಕವ್ರು ಯಾರೋ?" ಎಂದಳು. ರೊಟ್ಟಿ ನನಗೇ ಬಡಿಯಲು ಬರುತ್ತದೆ ಎಂದರೆ ಅತ್ತಳು. ತಿರುಗಿ ಬರುವಾಗ ಆಳಂದದಲ್ಲಿ ಬಸ್ಸಿಗೆ ಕಾಯುತ್ತ ಖಾದರಸಾಬನ ಅಂಗಡಿಗೆ ಹೋದೆ. ಅವನೂ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಬಾಡಿಗೆ ಕೊಡುವ ಮುದುಕ.

"ಚಾಚಾ, ಸರದಾರ ಹೊಸಾದು ಅದ ಏನು?"

"ಅದ, ಆದ್ರ ಅರ್ಧ ಅದ. ಯಾವನೋ ಕಡೀ ಹಾಳಿ ಬ್ಲೇಡಿಲೆ ಕೊಯ್ಕೊಂಡು ಹೋಗ್ಯಾನ. ಎಷ್ಟ್ ನಾಜೂಕಲೆ ಕೊಯ್ದಾನ ನೋಡು, ಹೊಲಿಗಿ ಸೈತ ಸಡ್ಲ ಆಗಿಲ್ಲ."

ಪುಸ್ತಕ ಇಸಿದುಕೊಂಡು ನೋಡಿದೆ. ಹೌದು, ಗೆರೆ ಎಳೆದಂತೆ ಕೊಯ್ದಿದ್ದರು. ತಮಾಷೆಗೆ ಹರಿದವರು ಹಾಗೆ ಕೊಯ್ಯುವುದಿಲ್ಲ. ಇಟ್ಟುಕೊಳ್ಳಬೇಕೆನ್ನುವವರು ಕೊಯ್ಯುತ್ತಾರೆ. "ಯಾರು ಒಯ್ದಿದ್ರು ಚಾಚಾ?" ಎಂದೆ. "ಬಸ್‌ಸ್ಟ್ಯಾಂಡಿನ ಮಂದಿ, ಯಾರ ಮಾರಿ ಅಂತ ನೆಪ್ಪಿಡ್ಲಿ?" ಎಂದ. ನಾನು ಬೆಂಚಿನ ಮೇಲೆ ಕೂತು ಎದುರಿಗಿದ್ದವರ ಮುಖಗಳನ್ನೆಲ್ಲ ನೋಡಿದೆ. ಶೇಂಗಾ ತಿನ್ನುವವನು, ಗಂಟಿನ ಮೇಲೆ ತಲೆಯಿಟ್ಟು ಮಲಗಿದವನು, ಬೀಡಿಗೆ ಕಡ್ಡಿ ಕೇಳಿದವನು. ಇವರಲ್ಲಿ ಯಾರೂ ಆಗಿರಬಹುದಿತ್ತು. ಎದ್ದು ಹೋಗಿ ಕೇಳುವ ಹಾಗಿರಲಿಲ್ಲ. ಬಸ್ಸು ಬಂತು. ಕಲಬುರ್ಗಿಯಲ್ಲಿ ಇಳಿದು ಅಫಜಲಪುರದ ಬಸ್ಸು ಹತ್ತುವ ಬದಲು ಜೇವರ್ಗಿಯದು ಹತ್ತಿದೆ.

ರಸೂಲ ಅಂಗಡಿಯ ಮುಂದೆ ಸೈಕಲ್ ತಲೆಕೆಳಗೆ ಮಾಡಿ, ಹಿಂದಿನ ಚಕ್ರ ತಿರುಗಿಸುತ್ತ ಕಡ್ಡಿ ಬಿಗಿಮಾಡುತ್ತಿದ್ದ. ಹುಬ್ಬಿನಲ್ಲಿ ಒಂದೆರಡು ನರೆಗೂದಲು ಕಂಡವು. ಅವನ್ನು ನಾನು ಸರದಾರನಿಗೆ ಬರೆದಿರಲಿಲ್ಲ.

"ಬಾರಲೇ ಸೈದ್ಯಾ. ಹಾದಿ ತಪ್ಪಿದೇನು?"

"ಅಕ್ಕನ ಊರಿಗಿ ಹೋಗಿದ್ದೆ. ಹಂಗ ಬಂದೆ."

ಶಮ್ಸುನ್ನಿಸಾ ಒಳಗಿನಿಂದ ಚಹಾ ತಂದಳು. "ಭಾಯಿ, ಸೊರಗೀರಿ" ಎಂದಳು. "ಇಲ್ಲ ಭಾಬಿ, ಬಿಸಲಿಗಿ ಹಂಗ ಕಾಣ್ತದ" ಎಂದೆ. ಆಕೆ ಒಳ್ಳೆಯವಳು. ಆಕೆಯನ್ನು ದ್ವೇಷಿಸಲು ನಾನು ಮೊದಮೊದಲು ಬಹಳ ಪ್ರಯತ್ನಪಟ್ಟಿದ್ದೆ, ಆಗಲಿಲ್ಲ.

ಆಕೆ ಒಳಗೆ ಹೋದ ಮೇಲೆ ಕೇಳಿದೆ: "ಕಡೀ ಪುಸ್ತಕ ಬಂತೇನು?"

"ಬಂತು. ಅಲ್ಲೇ ಹಗ್ಗಕ್ಕ ಜೋತಾಡಾಕತ್ತದ ನೋಡು."

ತೆಗೆದು ನೋಡಿದೆ. ಇಲ್ಲಿಯೂ ಕೊನೆಯ ಪುಟ ಇರಲಿಲ್ಲ.

"ಹಾಳಿ ಇಲ್ಲಲ್ಲೋ ಇದರಾಗ."

"ಯಾವನರೇ ಗಿರಾಕಿ ಕೊಯ್ದಿರಬೇಕು."

"ಕೊಯ್ಯೂಕಿಂತ ಮದಲ ನೀ ನೋಡಿದ್ದಿಯೇನು?"

"ಅವನ್ನೆಲ್ಲ ನೋಡಾಕ ನನಗೆಲ್ಲಿ ಪುರಸತ್ತಲೇ" ಎಂದು ಚಕ್ರ ತಿರುಗಿಸಿದ.

ಮುಗಿಯಿತು. ಅವನಿಗಾಗಿ ಬರೆದದ್ದನ್ನು ಯಾವನೋ ಒಯ್ದ. ಆಳಂದದವನ ಹಾಗೆ ಈ ಊರಲ್ಲೂ ಒಬ್ಬ ಇದ್ದಾನೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಚಹಾ ಆರಿಹೋಗಿತ್ತು, ಕುಡಿದೆ. ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ರಸೂಲ ತಲೆಯೆತ್ತಲಿಲ್ಲ.

"ಬಲಗಾಲಿತ್ತು" ಎಂದ.

"ಏನು?"

"ಮುಳ್ಳು ನಟ್ಟಿದ್ದು ಬಲಗಾಲಿಗಿ. ನೀ ಚಿತ್ರದಾಗ ಎಡಗಾಲು ತೆಗದಿದಿ."

ಏನೇನೋ ಹೇಳಬೇಕಾಗಿತ್ತು, ಇಷ್ಟು ವರ್ಷ ಕೂಡಿಟ್ಟದ್ದು. ಬಾಯಿಂದ ಬಂದದ್ದು ಕೆಲಸದ ಮಾತು.

"ಕನ್ನಡಿ ನೋಡಿ ತೆಗದೆ. ಕನ್ನಡ್ಯಾಗ ಉಲ್ಟಾ ಬರ್ತದ, ಖಬರ ಉಳೀಲಿಲ್ಲ."

"ಕನ್ನಡಿ ಯಾಕ ಬೇಕಿತ್ತಲೇ? ಯಾರನ್ನರೇ ಕುಂಡ್ರಿಸಿ ತೆಗೀಬೇಕಿತ್ತು."

"ಯಾರನ್ನ ಕುಂಡ್ರಿಸಲಿ?"

ಅವನು ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿದ. ನನ್ನ ಕಡೆ ನೋಡಿದ, ಆಮೇಲೆ ನನ್ನ ಕಾಲಿನ ಕಡೆ ನೋಡಿದ. ತುಟಿ ಅಲುಗಿತು. ಒಳಗಿನಿಂದ ಶಮ್ಸುನ್ನಿಸಾ, "ಊಟ ಮಾಡಿ ಹೋಗ್ರಿ ಭಾಯಿ" ಎಂದು ಕೂಗಿದಳು. ರಸೂಲನ ತುಟಿ ಮುಚ್ಚಿತು. "ಬಸ್ಸಿಗಿ ಹೊತ್ತಾಗ್ಯದಂತ" ಎಂದು ಅವಳಿಗೆ ಉತ್ತರ ಕೊಟ್ಟ. ನಾನು ಹಾಗೆ ಹೇಳಿರಲಿಲ್ಲ. ಹೇಳಬೇಕಾದದ್ದು ಅದೇ ಆಗಿತ್ತು, ಅದಕ್ಕೇ ನಡೆದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ನಿಲುಗನ್ನಡಿ ಗೋಡೆಗೆ ಒರಗಿಸಿದ ಹಾಗೆಯೇ ಇತ್ತು, ತಲೆದಿಂಬೂ ಅಲ್ಲೇ ಇತ್ತು. ಎದುರಿಗೆ ಕೂತು ಚಪ್ಪಲಿ ಬಿಚ್ಚಿ, ಬಲಗಾಲು ಎತ್ತಿ ದಿಂಬಿನ ಮೇಲಿಟ್ಟೆ. ಎದುರಿಗಿದ್ದವನು ಎಡಗಾಲು ಎತ್ತಿಟ್ಟ. ಮನೆಯಲ್ಲಿ ಇದ್ದವರು ನಾವಿಬ್ಬರೇ.